‘ವಾಚ್ ಯುವರ್ ಬ್ಯಾಕ್’ ಅಂದಿದ್ದು ಬೆದರಿಕೆ ಆಯಿತೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ. ಚಿತ್ರದುರ್ಗದ ಹತ್ತಿರ ಒಂದು ಕಂಪನಿಯ ಗೋದಾಮಿನಲ್ಲಿ ನೈಟ್ ಶಿಫ್ಟಿನ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಆರು ತಿಂಗಳ ಹಿಂದೆ ಹೊರ ರಾಜ್ಯದಿಂದ ಹೊಸ ಮ್ಯಾನೇಜರ್ ಬಂದರು. ಅವರಿಗೆ ಕನ್ನಡ ಬರಲ್ಲ. ಹೇಳೋದು ಕೇಳೋದು ಎಲ್ಲ ವಾಟ್ಸಾಪ್‌ನಲ್ಲಿ, ಇಂಗ್ಲಿಷಿನಲ್ಲಿ. ಕೆಲವು ಲೋಡಿಂಗ್ ಹುಡುಗರಿಗೆ ಅವರ ಮೇಲೆ ಸಿಟ್ಟಿತ್ತು. ಒಂದು ದಿನ ಅವರಿಗೆ ಧೈರ್ಯ ತುಂಬೋಣ ಅಂತ ‘ಡೋಂಟ್ ವರಿ ಸರ್, ವಾಚ್ ಯುವರ್ ಬ್ಯಾಕ್’ ಎಂದು ಮೆಸೇಜ್ ಹಾಕಿದೆ. ನಿಮ್ಮ ಬೆನ್ನು ಕಾಯ್ತೀನಿ ಅಂತ ನನ್ನ ಅರ್ಥ. ಅವತ್ತಿನಿಂದ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನಾನು ಏನು ತಪ್ಪು ಬರೆದೆ? ಅವರು ಆಗಾಗ ‘ಕೀಪ್ ಯುವರ್ ಐಸ್ ಪೀಲ್ಡ್’ ಅಂತಲೂ ಹಾಕುತ್ತಾರೆ. ಪೊಲೀಸ್ ಇಲಾಖೆ ಶುರು ಮಾಡಿದ ಪೀಲ್ ಎಂಬ ಸಾಹೇಬರಿಂದ ಆ ಮಾತು ಬಂತು ಎಂದು ನನ್ನ ಗೆಳೆಯ ಹೇಳುತ್ತಾನೆ, ನಿಜವೇ? ಇಂಥ 200 ನುಡಿಗಟ್ಟುಗಳ ಪಟ್ಟಿ ನನ್ನ ಹತ್ತಿರ ಇದೆ. ಬಾಯಿಪಾಠ ಮಾಡಲೋ, ಇವುಗಳ ಸಹವಾಸವೇ ಬೇಡ ಅಂತ ಬಿಡಲೋ? ನಮ್ಮ ‘ಮೈಯೆಲ್ಲ ಕಣ್ಣಾಗಿ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಉತ್ತರ: ಮೊದಲು ನಿಮ್ಮ ಎದೆಯ ಭಾರ ಇಳಿಸಿಬಿಡುತ್ತೇನೆ. ನಿಮ್ಮ ಮನಸ್ಸಿನಲ್ಲಿದ್ದ ಮಾತು ಒಳ್ಳೆಯದೇ. ಅದಕ್ಕೆ ನೀವು ಆರಿಸಿಕೊಂಡ ಪದಗಳೂ ಹೆಚ್ಚು ಕಡಿಮೆ ಸರಿಯೇ. ತಪ್ಪಿದ್ದು ಎರಡು ಸಣ್ಣ ಪದ. ‘ಐ ವಿಲ್ ವಾಚ್ ಯುವರ್ ಬ್ಯಾಕ್’ ಎಂದು ಬರೆದಿದ್ದರೆ ಅವರಿಗೆ ಸಮಾಧಾನ ಆಗುತ್ತಿತ್ತು. ‘ಐ ವಿಲ್’ ಬಿಟ್ಟುಹೋಯಿತು. ಆಗ ಅದು ‘ನಿಮ್ಮ ಬೆನ್ನ ಹಿಂದೆ ನೀವೇ ನೋಡಿಕೊಂಡಿರಿ’ ಎಂದಾಯಿತು. ಅಂದರೆ ಯಾರೋ ಹಿಂದಿನಿಂದ ಏಟು ಕೊಡಲು ಕಾಯುತ್ತಿದ್ದಾರೆ, ಹುಷಾರು, ಎಂದು. ಸ್ನೇಹಿತ ಹೇಳಿದರೆ ಅದು ಎಚ್ಚರಿಕೆ. ಹುಡುಗರು ಸಿಟ್ಟಾಗಿರುವ ಸಮಯದಲ್ಲಿ, ಭಾಷೆ ಬಾರದ ಊರಿನಲ್ಲಿ, ರಾತ್ರಿ ಹೊತ್ತು ಮೊಬೈಲಿನಲ್ಲಿ ಕಂಡರೆ ಅದೇ ಮಾತು ಬೆದರಿಕೆಯ ಹಾಗೆ ಕೇಳಿಸುತ್ತದೆ. ಅವರು ಹೆದರಿದ್ದರಲ್ಲಿ ಅವರ ತಪ್ಪೂ ಇಲ್ಲ.

ದಾವಣಗೆರೆಯಲ್ಲಿ ಇಂಗ್ಲಿಷ್ ಕಲಿಸಲು ಶುರು ಮಾಡಿ ನನಗೆ 20 ವರ್ಷದ ಮೇಲಾಯಿತು. ಹಗಲು ಕಾಲೇಜು, ಸಂಜೆ ಕೆಲಸ ಮಾಡುವವರಿಗೆ ತರಗತಿ. ನಿಮ್ಮ ಮೆಸೇಜಿನಂಥದ್ದು ನನಗೆ ಹೊಸದಲ್ಲ. ಇದನ್ನು ‘ಗ್ರಾಮರ್ ವೀಕ್’ ಎಂದು ಬರೆದು ಕೈತೊಳೆದುಕೊಂಡರೆ ಆಗಲ್ಲ. ಇದರ ಬೇರು ನಮ್ಮ ಕನ್ನಡದಲ್ಲೇ ಇದೆ.

‘ಬೆನ್ನು ಕಾಯ್ತೀನಿ’ ಎನ್ನುವಾಗ ನಾವು ‘ನಾನು’ ಎಂದು ಹೇಳುವುದೇ ಇಲ್ಲ, ಅಲ್ವಾ? ಹೇಳಬೇಕಾಗಿಯೂ ಇಲ್ಲ. ಕೊನೆಯ ‘-ತೀನಿ’ಯಲ್ಲೇ ನಾನು ಕೂತಿದ್ದೇನೆ. ಕಾಯ್ತೀನಿ, ಕಾಯ್ತಾನೆ, ಕಾಯ್ತೀರಿ. ಯಾರು ಕಾಯುವುದು ಎಂದು ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ವಾಚ್’ಗೆ ಆ ಬಾಲ ಇಲ್ಲ. ಮುಂದೆ ಯಾರನ್ನೂ ನಿಲ್ಲಿಸದೆ ಬರೀ ‘ವಾಚ್’ ಎಂದರೆ ಅದು ಎದುರಿನವರಿಗೆ ಕೊಟ್ಟ ಆಜ್ಞೆ. ನೀವು ಕನ್ನಡದಲ್ಲಿ ಯೋಚಿಸಿದಿರಿ, ಕನ್ನಡದ ಅಭ್ಯಾಸದಂತೆ ‘ನಾನು’ ಬಿಟ್ಟಿರಿ. ಕಾವಲುಗಾರ ನಿಮ್ಮ ವಾಕ್ಯದಿಂದ ಹೊರಗೆ ಹೋದ, ಕಾಯುವ ಕೆಲಸ ಮ್ಯಾನೇಜರ್ ತಲೆಗೆ ಬಿತ್ತು.

ಈ ಎಚ್ಚರದ ನುಡಿಗಟ್ಟುಗಳಲ್ಲೆಲ್ಲ ನೋಡಬೇಕಾದದ್ದು ಇದನ್ನೇ. ಯಾರು ನೋಡುತ್ತಿದ್ದಾರೆ, ಯಾರನ್ನು ಅಥವಾ ಏನನ್ನು ನೋಡುತ್ತಿದ್ದಾರೆ, ಅಪಾಯ ಯಾವ ಕಡೆಯಿಂದ ಬರುತ್ತದೆ. ಈ ಮೂರು ಗೊತ್ತಾದರೆ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ‘ಎಚ್ಚರವಾಗಿರು’ ಎಂದು ಒಂದೇ ಅರ್ಥ ಬರೆದುಕೊಂಡು 200 ಮಾತು ಬಾಯಿಪಾಠ ಮಾಡಿದರೆ ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ನಮ್ಮ ‘ಕಾಯು’ ಎಂಬ ಪದವನ್ನೇ ನೋಡಿ. ಹಾಲು ಕಾಯುವವರೆಗೆ ಕಾಯಬೇಕು, ಅಷ್ಟರಲ್ಲಿ ಬೆಕ್ಕು ಬಾಯಿ ಹಾಕದ ಹಾಗೆ ಕಾಯಬೇಕು. ಬಿಸಿಯಾಗುವುದು, ಸಮಯ ಕಳೆಯುವುದು, ಕಾವಲಿರುವುದು, ಮೂರಕ್ಕೂ ಒಂದೇ ಪದ. ಹಾಗಾಗಿ ನಮ್ಮ ಹುಡುಗರು ‘ಐ ಆಮ್ ವೇಯ್ಟಿಂಗ್ ದಿ ಗೇಟ್’ ಎನ್ನುತ್ತಾರೆ. ಗೇಟು ಕಾಯ್ತಿದ್ದೀನಿ ಅಂತ ಅವರ ಅರ್ಥ. ಇವತ್ತಿನ ಇಂಗ್ಲಿಷಿಗೆ ಅದು ತಪ್ಪು. ಆದರೆ ತಿದ್ದುವಾಗಲೆಲ್ಲ ನಾನು ಅವರಿಗೆ ಒಂದು ವಿಷಯ ಹೇಳುತ್ತೇನೆ. ಸುಮಾರು 800 ವರ್ಷದ ಹಿಂದೆ ‘ವೇಯ್ಟ್’ ಫ್ರೆಂಚ್ ಕಡೆಯಿಂದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಕಣ್ಣಿಟ್ಟು ನೋಡುವುದು, ಹೊಂಚು ಹಾಕುವುದು. ‘ಲೈ ಇನ್ ವೇಯ್ಟ್’ ಎಂಬ ಮಾತಿನಲ್ಲಿ ಆ ಹೊಂಚು ಇವತ್ತಿಗೂ ಉಳಿದಿದೆ. ‘ವೇಕ್’, ‘ವಾಚ್’, ‘ವೇಯ್ಟ್’ ಮೂರರ ಬೇರೂ ಒಂದೇ. ನಿದ್ದೆಗೆಟ್ಟು ಕೂರುವುದು, ನೋಡುತ್ತಿರುವುದು, ಕಾಯುವುದು. ನೈಟ್ ಶಿಫ್ಟ್ ಮಾಡುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ‘ಐ’, ಅಂದರೆ ಕಣ್ಣು ಇರುವ ಮಾತುಗಳಿಗೆ ಬರೋಣ. ನಿಮ್ಮ ಕೆಲಸಕ್ಕೆ ಜಾಸ್ತಿ ಬೇಕಾಗುವುದು ಇವೇ. ಜಾಸ್ತಿ ಜನ ಎಡವುವುದೂ ಇಲ್ಲೇ.

ಭದ್ರಾ ನಾಲೆಯ ಕೊನೆ ಭಾಗದ ನಮ್ಮ ಊರುಗಳಲ್ಲಿ ರೈತರು ರಾತ್ರಿ ನಾಲೆ ಮೇಲೆ ಇರುತ್ತಾರಲ್ಲ, ಅದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ತೂಬಿನ ಹತ್ತಿರ ಕೂತಿದ್ದಾನೆ. ತೂಬು ಅಲ್ಲೇ ಇದೆ, ಯಾರೂ ಮುಟ್ಟಬಾರದು. ಅವನು ಮಾಡುತ್ತಿರುವುದು ‘ಕೀಪ್ ಆನ್ ಐ ಆನ್’. ಇನ್ನೊಬ್ಬ ಗದ್ದೆ ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತಿದ್ದಾನೆ. ನೀರು ಇನ್ನೂ ಬಂದಿಲ್ಲ. ಯಾವಾಗ ಬರುತ್ತದೋ ಎಂದು ನೋಡುತ್ತಿದ್ದಾನೆ. ಅದು ‘ಕೀಪ್ ಆನ್ ಐ ಔಟ್ ಫಾರ್’. ಕಣ್ಣ ಮುಂದೆ ಇರುವುದಕ್ಕೆ ‘ಆನ್’. ಇನ್ನೂ ಬರಬೇಕಾದದ್ದಕ್ಕೆ ‘ಔಟ್ ಫಾರ್’. ನಿಮ್ಮ ಮ್ಯಾನೇಜರ್ ‘ಕೀಪ್ ಆನ್ ಐ ಆನ್ ದಿ ಟ್ರಕ್’ ಎಂದರೆ ಲಾರಿ ಆವರಣದಲ್ಲಿ ನಿಂತಿದೆ, ಅದನ್ನು ಕಾಯಿರಿ ಎಂದು. ‘ಕೀಪ್ ಆನ್ ಐ ಔಟ್ ಫಾರ್ ದಿ ಟ್ರಕ್’ ಎಂದರೆ ಲಾರಿ ಹೈವೇಯಲ್ಲೆಲ್ಲೋ ಇದೆ, ಬಂದ ಕೂಡಲೇ ಗೊತ್ತಾಗಬೇಕು ಎಂದು. ಮೊದಲನೆಯದಕ್ಕೆ ನೀವು ಅಂಗಳದಲ್ಲಿರಬೇಕು, ಎರಡನೆಯದಕ್ಕೆ ಗೇಟಿನಲ್ಲಿರಬೇಕು. ಒಂದು ಪದ ನಿಮ್ಮನ್ನು ನಿಲ್ಲಿಸುವ ಜಾಗವನ್ನೇ ಬದಲಾಯಿಸುತ್ತದೆ.

ಇದೇ ಕಣ್ಣು ‘ಹ್ಯಾವ್’ ಜೊತೆ ಸೇರಿದರೆ ಬಣ್ಣವೇ ಬೇರೆ. ‘ಐ ಹ್ಯಾವ್ ಮೈ ಐ ಆನ್ ದಟ್ ಸೈಟ್’ ಎಂದರೆ ಆ ಸೈಟಿನ ಮೇಲೆ ನನಗೆ ಆಸೆ ಇದೆ, ಕೊಳ್ಳಬೇಕು ಎಂದು. ‘ಐ ಹ್ಯಾವ್ ಮೈ ಐ ಆನ್ ಯೂ’ ಎಂದರೆ ನಿನ್ನ ಮೇಲೆ ನನಗೆ ಅನುಮಾನ ಇದೆ, ನೋಡ್ತಾ ಇದ್ದೀನಿ ಎಂದು. ನಮ್ಮಲ್ಲೂ ‘ಕಣ್ಣಿಡು’ ಬೇರೆ, ‘ಕಣ್ಣು ಹಾಕು’ ಬೇರೆ ತಾನೇ? ಅಂಗಡಿ ಮೇಲೆ ಕಣ್ಣಿಟ್ಟಿರು ಎಂದು ಮಗನಿಗೆ ಹೇಳುತ್ತೇವೆ. ಅಂಗಡಿ ಮೇಲೆ ಕಣ್ಣು ಹಾಕಿದ ಎಂದರೆ ಪಕ್ಕದವನ ಬಗ್ಗೆ ದೂರು ಹೇಳಿದಂತೆ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ‘ಕೀಪ್’ಗೂ ‘ಹ್ಯಾವ್’ಗೂ ಇರುವ ದೂರ ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

‘ವಾಚ್ ಓವರ್’ನಲ್ಲಿ ಪ್ರೀತಿ ಇದೆ. ಮಲಗಿದ ಮಗುವಿನ ಪಕ್ಕ ತಾಯಿ ಕೂರುವುದು ಅದು. ‘ವಾಚ್ ಔಟ್’, ‘ಲುಕ್ ಔಟ್’ ಎರಡೂ ಕೂಗಿ ಹೇಳುವ ಮಾತುಗಳು. ಮೇಲಿನಿಂದ ಚೀಲ ಬೀಳುತ್ತಿದ್ದರೆ ‘ಲುಕ್ ಔಟ್!’ ಎಂದು ಕೂಗುತ್ತಾರೆ. ಅದನ್ನು ಹೊರಗೆ ನೋಡು ಎಂದು ತಿಳಿದರೆ ಅಪಾಯ. ಸರಿಯಬೇಕು ಅಷ್ಟೇ. ಪತ್ರಿಕೆಯಲ್ಲಿ ಓದುವ ‘ಲುಕ್‌ಔಟ್ ನೋಟಿಸ್’ ಕೂಡ ಇದೇ ಮನೆತನದ್ದು. ತಪ್ಪಿಸಿಕೊಂಡವರು ವಿಮಾನ ನಿಲ್ದಾಣಕ್ಕೆ ಬಂದರೆ ನೋಡಿಕೊಳ್ಳಿ ಎಂದು ಮೊದಲೇ ತಿಳಿಸಿಡುವುದು. ‘ಹೆಡ್ಸ್ ಅಪ್’ ಅನ್ನು ಆಫೀಸಿನಲ್ಲಿ ದಿನವೂ ಬಳಸುತ್ತಾರೆ. ‘ಗಿವ್ ಮಿ ಎ ಹೆಡ್ಸ್ ಅಪ್’ ಎಂದರೆ ನನಗೆ ಮುಂಚೆನೇ ಒಂದು ಮಾತು ತಿಳಿಸಿ ಎಂದು. ನಮ್ಮ ‘ತಲೆ ಎತ್ತಿ ಬದುಕು’ವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಾಲಿನ ಮಾತು ಒಂದಿದೆ, ಅದೂ ಮೋಸ ಮಾಡುತ್ತದೆ. ‘ಆನ್ ಯುವರ್ ಟೋಸ್’. ಓದಿದ ತಕ್ಷಣ ನಮಗೆ ‘ತುದಿಗಾಲಲ್ಲಿ ನಿಂತಿದ್ದಾನೆ’ ಎನಿಸುತ್ತದೆ. ಚಿತ್ರ ಒಂದೇ, ಅರ್ಥ ಬೇರೆ. ಮದುವೆಗೆ ತುದಿಗಾಲಲ್ಲಿ ನಿಂತಿದ್ದಾನೆ ಎಂದರೆ ಆತುರ. ಇಂಗ್ಲಿಷಿನಲ್ಲಿ ಅದು ಆಟಗಾರನ ನಿಲುವು. ಚೆಂಡು ಯಾವ ಕಡೆ ಬಂದರೂ ಹಾರಲು ಸಿದ್ಧನಾಗಿ, ಹಿಮ್ಮಡಿ ಎತ್ತಿ ನಿಂತ ಫೀಲ್ಡರ್. ಆತುರ ಇಲ್ಲ, ತಯಾರಿ ಇದೆ. ‘ದಿ ಆಡಿಟ್ ಕೆಪ್ಟ್ ಅಸ್ ಆನ್ ಅವರ್ ಟೋಸ್’ ಎಂದರೆ ಆಡಿಟ್ ನಮ್ಮನ್ನು ಚುರುಕಾಗಿ ಇಟ್ಟಿತು ಎಂದು. ಹಾಗೆಂದು ಇನ್ನೊಬ್ಬರ ‘ಟೋಸ್’ ತುಳಿದರೆ, ಅಂದರೆ ‘ಸ್ಟೆಪ್ ಆನ್ ಸಮ್‌ಒನ್ಸ್ ಟೋಸ್’ ಆದರೆ, ಅವರ ಅಧಿಕಾರದಲ್ಲಿ ಕೈ ಹಾಕಿ ಸಿಟ್ಟು ತರಿಸಿದಂತೆ.

ನನ್ನ ವಿದ್ಯಾರ್ಥಿ ಒಬ್ಬರು ಇಂಟರ್‌ವ್ಯೂನಲ್ಲಿ ‘ಐ ಆಮ್ ಆಲ್ವೇಸ್ ಆನ್ ಟೆಂಟರ್‌ಹುಕ್ಸ್ ಅಟ್ ವರ್ಕ್’ ಎಂದು ಹೇಳಿ ಬಂದರು. ಪಟ್ಟಿಯಲ್ಲಿ ‘ಎಚ್ಚರ, ಆತಂಕ’ ಎಂದು ಎರಡೂ ಅರ್ಥ ಒಟ್ಟಿಗೆ ಕೊಟ್ಟಿದ್ದರಂತೆ. ಟೆಂಟರ್ ಎಂದರೆ ಹಿಂದೆ ಇಂಗ್ಲೆಂಡಿನಲ್ಲಿ ಒದ್ದೆ ಉಣ್ಣೆ ಬಟ್ಟೆಯನ್ನು ಮುದುಡದಂತೆ ಎಳೆದು ಒಣಗಿಸುತ್ತಿದ್ದ ಮರದ ಚೌಕಟ್ಟು. ಅದರ ಅಂಚಿನ ಕೊಕ್ಕೆಗಳೇ ಟೆಂಟರ್‌ಹುಕ್ಸ್. ಆ ಕೊಕ್ಕೆಗೆ ಸಿಕ್ಕ ಬಟ್ಟೆಯ ಹಾಗೆ ಎಳೆದುಕೊಂಡು, ಏನಾಗುತ್ತೋ ಎಂದು ಒದ್ದಾಡುವ ಸ್ಥಿತಿ ಅದು. ರಿಸಲ್ಟಿಗೆ ಕಾಯುವ ತಾಯಿಗೆ ಸರಿ, ಕೆಲಸ ಕೇಳುವವರಿಗೆ ಸರಿಯಲ್ಲ. ಕಾಟನ್ ಮಿಲ್ಲುಗಳಿಂದ ಹೆಸರಾದ ನಮ್ಮ ದಾವಣಗೆರೆಯಲ್ಲಿ ಈ ಚಿತ್ರ ಅರ್ಥವಾಗಲು ಕಷ್ಟವಿಲ್ಲ. ಆ ವಿದ್ಯಾರ್ಥಿಗೆ ಚಿತ್ರವನ್ನು ಯಾರೂ ಹೇಳಿರಲಿಲ್ಲ, ಅಷ್ಟೇ.

‘ಅಸ್ಲೀಪ್ ಅಟ್ ದಿ ಸ್ವಿಚ್’ ಕೂಡ ಹೀಗೇ. ಸ್ವಿಚ್ ಎಂದ ಕೂಡಲೇ ನಮಗೆ ಲೈಟಿನ ಸ್ವಿಚ್ ನೆನಪಾಗುತ್ತದೆ. ಅದು ಅಮೆರಿಕದ ರೈಲ್ವೆಯ ಮಾತು. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಕ್ಕೆ ಅವರು ಸ್ವಿಚ್ ಎನ್ನುತ್ತಾರೆ, ನಮ್ಮ ರೈಲ್ವೆಯವರು ಪಾಯಿಂಟ್ಸ್ ಎನ್ನುತ್ತಾರೆ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ದಾರಿ ಒಂದು, ಚಿತ್ರದುರ್ಗದ ಕಡೆಯ ದಾರಿ ಒಂದು. ಅಂಥ ಜಾಗದಲ್ಲಿ ಪಾಯಿಂಟ್ಸ್‌ಮನ್ ನಿದ್ದೆ ಹೋದರೆ ಏನಾಗಬಹುದು ಯೋಚಿಸಿ. ಹಾಗಾಗಿ ಇದು ಬಹಳ ಗಡುಸಾದ ಆರೋಪ. ಸಹೋದ್ಯೋಗಿಯ ಬಗ್ಗೆ ಸುಮ್ನೆ ಬರೆಯಬೇಡಿ.

ನಿಮ್ಮ ಗೆಳೆಯರ ಪೀಲ್ ಸಾಹೇಬರ ವಿಷಯ. ಇದು ನಿಜವಲ್ಲ. ಆದರೆ ಅವರು ಯಾಕೆ ಹಾಗೆ ನಂಬಿದರು ಎನ್ನುವುದು ನನಗೆ ಅರ್ಥವಾಗುತ್ತದೆ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿನ ಪೊಲೀಸ್ ಪಡೆಯನ್ನು ಕಟ್ಟಿದ್ದು ನಿಜ. ಅವರ ಹೆಸರಿನಿಂದಲೇ ಪೊಲೀಸರನ್ನು ಜನ ‘ಬಾಬಿ’ ಎಂದೂ ‘ಪೀಲರ್’ ಎಂದೂ ಕರೆದದ್ದು ನಿಜ. ಆದರೆ ಕಣ್ಣಿನ ‘ಪೀಲ್ಡ್’ಗೂ ಅವರಿಗೂ ನಂಟಿಲ್ಲ. ಅದು 19ನೆಯ ಶತಮಾನದ ಅಮೆರಿಕದ ಮಾತು. ‘ಕೀಪ್ ಯುವರ್ ಐಸ್ ಸ್ಕಿನ್ಡ್’ ಎಂದೂ ಅಲ್ಲಿ ಹೇಳುತ್ತಿದ್ದರು. ಸ್ಕಿನ್ ಎಂದರೂ ಪೀಲ್ ಎಂದರೂ ಸುಲಿಯುವುದೇ. ರೆಪ್ಪೆಯೇ ಕಣ್ಣಿನ ಸಿಪ್ಪೆ. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ರೆಪ್ಪೆ ಸರಿಸಿ ಪೂರ್ತಿ ಕಣ್ಣು ಬಿಟ್ಟಿರು ಎಂದು ಅರ್ಥ. ನಾವು ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು’ ಎನ್ನುವುದರ ಹತ್ತಿರದ ನಂಟ. ಅವರು ಸಿಪ್ಪೆ ಸುಲಿಯುತ್ತಾರೆ, ನಾವು ಎಣ್ಣೆ ಬಿಡುತ್ತೇವೆ. ನಿದ್ದೆ ಹತ್ತಬಾರದು ಎಂಬುದು ಇಬ್ಬರಿಗೂ ಒಂದೇ.

ಇಂಥದ್ದೇ ಇನ್ನೊಂದು ಕಥೆ ‘ಆನ್ ದಿ ಬಾಲ್’, ಅಂದರೆ ಎಚ್ಚರವಾಗಿ ಚುರುಕಾಗಿರುವುದು, ಎಂಬ ಮಾತಿನ ಬಗ್ಗೆ ಓಡಾಡುತ್ತದೆ. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಮೇಲೆ 1833ರಿಂದ ಒಂದು ದೊಡ್ಡ ಗುಂಡು ಇದೆ. ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಅದು ಕೆಳಗಿಳಿಯುತ್ತದೆ. ಥೇಮ್ಸ್ ನದಿಯ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಇಷ್ಟು ನಿಜ. ಆ ಗುಂಡಿನಿಂದಲೇ ಈ ಮಾತು ಹುಟ್ಟಿತು ಎನ್ನುವುದು ಕೇಳಲು ಚೆನ್ನಾಗಿದೆ ಅಷ್ಟೇ. ಚೆಂಡಿನ ಮೇಲೆ ಕಣ್ಣಿಡು ಎಂಬ ಆಟದ ಮೈದಾನದ ಮಾತಿನಿಂದ ಅದು ಬೆಳೆದದ್ದು. ಪದದ ಹುಟ್ಟಿಗೆ ಒಂದು ಸೊಗಸಾದ ಕಥೆ ಸಿಕ್ಕರೆ ನಾನು ಮೊದಲು ಅನುಮಾನ ಪಡುತ್ತೇನೆ. ನಿಜವಾದ ಹುಟ್ಟು ಸಾಮಾನ್ಯವಾಗಿ ಇದಕ್ಕಿಂತ ಸಾದಾ ಇರುತ್ತದೆ.

ಆದರೆ ಒಂದು ಪದದ ಹುಟ್ಟು ಸೊಗಸಾಗಿಯೂ ಇದೆ, ನಿಜವೂ ಹೌದು. ‘ಅಲರ್ಟ್’. ಇದು ಇಟಾಲಿಯನ್ ಸೈನಿಕರ ‘ಆಲ್ ಎರ್ತಾ’ ಎಂಬ ಕೂಗು. ಎರ್ತಾ ಎಂದರೆ ಎತ್ತರದ ಜಾಗ, ಕಾವಲಿನ ಬುರುಜು. ‘ಮೇಲೆ ಹತ್ತಿ ನೋಡಿ’ ಎಂದು. ಅಲ್ಲಿಂದ ಫ್ರೆಂಚಿಗೆ ಹೋಗಿ ಇಂಗ್ಲಿಷಿಗೆ ಬಂತು. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಈ ಪದವನ್ನು ವಿವರಿಸುವುದೇ ಬೇಡ. ಬಂಡೆಯ ಮೇಲಿನ ಬತೇರಿಯಲ್ಲಿ ನಿಂತು ಒಂದು ಸಲ ಸುತ್ತ ನೋಡಿದರೆ ಸಾಕು. ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿ, ಕವಣೆ ಹಿಡಿದು ಹಕ್ಕಿ ಕಾಯುವವನೂ ‘ಆಲ್ ಎರ್ತಾ’ದಲ್ಲೇ ಇದ್ದಾನೆ.

ನಿಮ್ಮ ಊರಿನವರಿಗೆ ಪಾಠ ಮಾಡುವಾಗ ನಾನು ಒನಕೆ ಓಬವ್ವನ ಕಥೆಯನ್ನೇ ಹಿಡಿಯುತ್ತೇನೆ. ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಗಮನವೆಲ್ಲ ಮಾತಿನ ಮೇಲಿರುತ್ತದೆ. ಕಾವಲುಗಾರ ಊಟಕ್ಕೆ ಮನೆಗೆ ಬಂದಿದ್ದಾನೆ. ಆ ಹೊತ್ತಿನಲ್ಲಿ ಅವನು ‘ಆಫ್ ಡ್ಯೂಟಿ’. ನಿದ್ದೆ ಮಾಡಿಲ್ಲ, ಕರ್ತವ್ಯ ಮರೆತಿಲ್ಲ, ಹಾಗಾಗಿ ‘ಅಸ್ಲೀಪ್ ಅಟ್ ದಿ ಸ್ವಿಚ್’ ಎನ್ನುವಂತಿಲ್ಲ. ಹೈದರಾಲಿಯ ಸೈನಿಕರು ಕೋಟೆಯನ್ನು ‘ಆಫ್ ಗಾರ್ಡ್’ ಹಿಡಿಯಲು, ಅಂದರೆ ಮೈಮರೆತಾಗ ಹಿಡಿಯಲು ನೋಡುತ್ತಾರೆ. ನೀರಿಗೆ ಹೋದ ಓಬವ್ವನಿಗೆ ಕಿಂಡಿಯ ಕಡೆ ಸದ್ದು ಕೇಳುತ್ತದೆ. ಅವಳು ಗಾಬರಿಯಾಗಲಿಲ್ಲ, ಬುದ್ಧಿ ಸ್ಥಿಮಿತದಲ್ಲಿತ್ತು. ‘ಶೀ ಕೆಪ್ಟ್ ಹರ್ ವಿಟ್ಸ್ ಅಬೌಟ್ ಹರ್’. ಒನಕೆ ಹಿಡಿದು ಕಿಂಡಿಯ ಪಕ್ಕ ಮರೆಯಲ್ಲಿ ನಿಂತಳು, ‘ಶೀ ಲೇ ಇನ್ ವೇಯ್ಟ್’. ಒಂದು ಕಥೆ, ನಾಲ್ಕು ಮಾತು, ನಾಲ್ಕಕ್ಕೂ ಬೇರೆ ಬೇರೆ ಜಾಗ. ಇದನ್ನು ಪಟ್ಟಿ ಕಲಿಸುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ‘ಲಾಕ್ ದಿ ಸ್ಟೇಬಲ್ ಡೋರ್ ಆಫ್ಟರ್ ದಿ ಹಾರ್ಸ್ ಹ್ಯಾಸ್ ಬೋಲ್ಟೆಡ್’ ಕೂಡ ಇದ್ದೇ ಇರುತ್ತದೆ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುವುದು. ನಮ್ಮಲ್ಲಿ ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎನ್ನುತ್ತಾರೆ. ಇಂಥ ಜೋಡಿ ಸಿಕ್ಕಿದಾಗ ಹಿಡಿದಿಟ್ಟುಕೊಳ್ಳಿ, ಮರೆಯುವುದಿಲ್ಲ. ‘ಸ್ಲೀಪ್ ವಿತ್ ಒನ್ ಐ ಓಪನ್’ಗೆ ನಮ್ಮ ‘ಕೋಳಿ ನಿದ್ದೆ’ ಇದೆ. ಹಕ್ಕಿಗಳು ಮಿದುಳಿನ ಒಂದು ಭಾಗವನ್ನು ಮಲಗಿಸಿ ಇನ್ನೊಂದು ಕಣ್ಣು ತೆರೆದಿಡಬಲ್ಲವು. ಬಾತುಕೋಳಿಗಳ ಸಾಲಿನಲ್ಲಿ ಅಂಚಿನಲ್ಲಿ ಮಲಗಿದ್ದು ಹೊರಗಡೆಯ ಕಣ್ಣನ್ನು ತೆರೆದಿಟ್ಟಿರುತ್ತದೆ ಎಂದು 1999ರಲ್ಲಿ ವಿಜ್ಞಾನಿಗಳು ಬರೆದರು. ಅಂದರೆ ಆ ಮಾತು ಬರೀ ಅಲಂಕಾರ ಅಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಲಿಯಬೇಕೋ ಬಿಡಬೇಕೋ.

200 ಬಾಯಿಪಾಠ ಮಾಡುವುದು ಒಂದು ದಾರಿ. ಅದರಿಂದ ಒಂದು ಲಾಭ ಇದೆ, ಬೇರೆಯವರು ಹೇಳಿದಾಗ ಎಲ್ಲೋ ಓದಿದ್ದೆ ಎನಿಸುತ್ತದೆ. ಅಪಾಯವೂ ಇದೆ. ಆ ಪಟ್ಟಿಗಳಲ್ಲಿ ಹಳೆಯದು ಹೊಸದು ಎಂಬ ಭೇದ ಇರುವುದಿಲ್ಲ. ‘ಆನ್ ದಿ ಕಿ ವೀವ್’, ಅಂದರೆ ಎಚ್ಚರವಾಗಿರುವುದು, ಎಂಬುದು ಫ್ರೆಂಚ್ ಪಹರೆಯವನ ‘ಯಾರಲ್ಲಿ?’ ಎಂಬ ಕೂಗಿನಿಂದ ಬಂದ ಮಾತು. ‘ವೆದರ್ ಐ’ ಹಡಗಿನವರ ಮಾತು, ಗಾಳಿ ಬೀಸುವ ಕಡೆಗೆ ನೆಟ್ಟ ಕಣ್ಣು. ಮುಗಿಲು ನೋಡುತ್ತಾ ಕೂರುವ ನಮ್ಮ ಬಯಲುಸೀಮೆಯ ರೈತರಿಗೆ ಇದು ತಕ್ಷಣ ಹಿಡಿಸುತ್ತದೆ, ನನಗೂ ಬಹಳ ಇಷ್ಟ. ಆದರೆ ಗೋದಾಮಿನ ವಾಟ್ಸಾಪ್ ಗುಂಪಿನಲ್ಲಿ ಇವನ್ನು ಹಾಕಿದರೆ ಓದಿದವರು ತಲೆ ಕೆರೆದುಕೊಳ್ಳುತ್ತಾರೆ.

ಕನ್ನಡದ್ದನ್ನೇ ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡುವುದು ಇನ್ನೊಂದು ದಾರಿ. ‘ಕಣ್ಣಿಗೆ ಎಣ್ಣೆ’ಯನ್ನು ಹಾಗೆ ಇಂಗ್ಲಿಷಿಗೆ ತಂದರೆ ಕನ್ನಡ ಬಾರದವರಿಗೆ ಕಣ್ಣಿನ ಔಷಧಿ ನೆನಪಾಗುತ್ತದೆ. ನೀವು ಕೇಳಿದ ‘ಮೈಯೆಲ್ಲ ಕಣ್ಣಾಗಿ’ಗೆ ಮಾತ್ರ ಒಂದು ಹತ್ತಿರದ ಮಾತಿದೆ, ‘ಆಲ್ ಐಸ್’. ‘ಐ ವಾಸ್ ಆಲ್ ಐಸ್’ ಎಂದರೆ ನಾನು ಪೂರ್ತಿ ಕಣ್ಣೇ ಆಗಿದ್ದೆ ಎಂದು. ಆದರೆ ಅದರಲ್ಲಿ ಕುತೂಹಲ ಜಾಸ್ತಿ, ಕಾವಲು ಕಮ್ಮಿ. ಜಾತ್ರೆ ನೋಡುವ ಮಗು ‘ಆಲ್ ಐಸ್’. ಗೋದಾಮು ಕಾಯುವ ನಿಮಗೆ ‘ವೆರಿ ಅಲರ್ಟ್’ ಎನ್ನುವುದೇ ಒಳ್ಳೆಯದು.

ಎಲ್ಲವನ್ನೂ ಬಿಟ್ಟು ಸಾದಾ ಇಂಗ್ಲಿಷ್ ಮಾತ್ರ ಬರೆಯುವುದು ಮೂರನೆಯ ದಾರಿ. ಇದರಿಂದ ನಿಮ್ಮ ಮರ್ಯಾದೆಗೆ ಏನೂ ಕಮ್ಮಿ ಆಗುವುದಿಲ್ಲ. ನಿಮ್ಮ ಕೆಲಸದ ಒಂದು ಭಾಗಕ್ಕಂತೂ ಇದೊಂದೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಶಿಫ್ಟ್ ಒಪ್ಪಿಸುವಾಗ ಬರೆಯುವ ಪುಸ್ತಕದಲ್ಲಿ ನುಡಿಗಟ್ಟು ಬೇಡವೇ ಬೇಡ. ‘ಪ್ಲೀಸ್ ಕೀಪ್ ಆನ್ ಐ ಆನ್ ಗೇಟ್ 2’ ಎಂದು ಬರೆದು ಹೋದಿರಿ ಎಂದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಯಾರು? ಏನನ್ನು, ಬೀಗವನ್ನೋ ಬಲ್ಬನ್ನೋ? ಏನಾದರೂ ಕಂಡರೆ ಯಾರಿಗೆ ಹೇಳಬೇಕು? ಆ ಮಾತಿನಲ್ಲಿ ಒಂದಕ್ಕೂ ಉತ್ತರ ಇಲ್ಲ. ನಾವು ಕನ್ನಡದಲ್ಲೂ ‘ಸ್ವಲ್ಪ ನೋಡ್ಕೊಳ್ಳಪ್ಪ’ ಎಂದು ಹೇಳಿ ಹೊರಟುಬಿಡುತ್ತೇವೆ. ಬೆಳಿಗ್ಗೆ ಏನೋ ಕಾಣೆಯಾದಾಗ ‘ನಾನು ಹೇಳಿದ್ದೆ’, ‘ನೀವು ಹೀಗೆ ಹೇಳಲಿಲ್ಲ’ ಎಂದು ಜಗಳ. ‘ಚೆಕ್ ದಿ ಲಾಕ್ ಆನ್ ಗೇಟ್ 2 ಎವ್ರಿ ಅವರ್. ಕಾಲ್ ಮಿ ಇಫ್ ಇಟ್ ಈಸ್ ಓಪನ್’ ಎಂದು ಬರೆಯಿರಿ. ಇದರಲ್ಲಿ ಸೊಗಸಿಲ್ಲ, ಆದರೆ ರಾತ್ರಿ 2 ಗಂಟೆಗೆ ನಿದ್ದೆಗಣ್ಣಿನಲ್ಲಿ ಓದಿದರೂ ಒಂದೇ ಅರ್ಥ. ಲಂಡನ್ನಿನ ಸುರಂಗ ರೈಲಿನಲ್ಲಿ 1968ರಿಂದ ‘ಮೈಂಡ್ ದಿ ಗ್ಯಾಪ್’, ಅಂದರೆ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ನೋಡಿಕೊಳ್ಳಿ, ಎಂದು ಸಾರುತ್ತಾರಲ್ಲ, ಅದು ಮೂರೇ ಪದ. ಕೋಟೆಯ ತಗ್ಗು ಬಾಗಿಲಲ್ಲಿ ಹಿರಿಯರು ‘ತಲೆ ಜೋಪಾನ’ ಎನ್ನುವ ಹಾಗೆ.

ಸಾದಾ ದಾರಿಯ ತೊಂದರೆ ಒಂದೇ. ನೀವು ಬಿಟ್ಟರೂ ಎದುರಿನವರು ಬಿಡುವುದಿಲ್ಲ. ಅವರು ‘ಪೀಲ್ಡ್’ ಎಂದು ಬರೆಯುತ್ತಲೇ ಇರುತ್ತಾರೆ, ನಿಮಗೆ ಅರ್ಥವಾಗಬೇಕು. ಹಾಗಾಗಿ ನನ್ನ ಸಲಹೆ ಇವೆರಡರ ನಡುವೆ ಇದೆ. ಕೇಳಿದಾಗ ಗುರುತು ಹಿಡಿಯಲು ಒಂದು 30 ಮಾತು ಕಲಿಯಿರಿ, ನೀವು ಬಳಸಲು ನಾಲ್ಕೈದು ಸಾಕು. ‘ಕೀಪ್ ಆನ್ ಐ ಆನ್’, ‘ಕೀಪ್ ಆನ್ ಐ ಔಟ್ ಫಾರ್’, ‘ಹೆಡ್ಸ್ ಅಪ್’, ‘ಆನ್ ಅವರ್ ಟೋಸ್’. ಇವು ಮಾತಿನಲ್ಲೂ ಮೆಸೇಜಿನಲ್ಲೂ ನಡೆಯುತ್ತವೆ, ಯಾರಿಗೂ ನೋವು ಮಾಡುವುದಿಲ್ಲ. ‘ಬ್ಯಾಕ್’ ಇರುವ ಮಾತುಗಳನ್ನು ಸ್ವಲ್ಪ ದಿನ ಬರೆಯಲು ಹೋಗಬೇಡಿ. ‘ಐ ಹ್ಯಾವ್ ಗಾಟ್ ಯುವರ್ ಬ್ಯಾಕ್’ ಎಂದರೆ ನಿಮ್ಮ ಬೆನ್ನಿಗೆ ನಾನಿದ್ದೇನೆ ಎಂದು, ಅಂದು ನಿಮಗೆ ಬೇಕಿದ್ದದ್ದು ಅದೇ. ಆದರೂ ಮೇಲಿನವರಿಗೆ ಬರೆಯುವಾಗ ಅದು ಸ್ವಲ್ಪ ಸಲಿಗೆಯ ಮಾತು.

ಹೊಸ ಮಾತು ಸಿಕ್ಕಾಗ ಒಂದು ಪುಟ್ಟ ಪುಸ್ತಕದಲ್ಲಿ ಕನ್ನಡದ ಅರ್ಥದ ಬದಲು ಒಂದು ಚಿತ್ರ ಬರೆದುಕೊಳ್ಳಿ. ಗೀಚಿದರೂ ಸಾಕು. ತೂಬಿನ ಪಕ್ಕ ಕೂತವನು, ಬದುವಿನ ಮೇಲೆ ನಿಂತವನು, ಹಿಮ್ಮಡಿ ಎತ್ತಿದ ಫೀಲ್ಡರ್. ಕಳಿಸುವ ಮೊದಲು ವಾಕ್ಯದ ಮುಂದೆ ‘ಐ’ ಅಥವಾ ‘ವಿ’ ಇದೆಯಾ ಎಂದು ಒಂದು ಸಲ ನೋಡಿ. ನನ್ನ ಸಂಜೆ ತರಗತಿಯವರಿಗೆ ನಾನು ಬೇರೆ ಏನು ಬಿಟ್ಟರೂ ಇದನ್ನು ಬಿಡಲು ಕೊಡುವುದಿಲ್ಲ.

ಮ್ಯಾನೇಜರ್ ಜೊತೆ ಆದದ್ದನ್ನು ಹಾಗೇ ಬಿಡಬೇಡಿ. ಸುಮ್ಮನಿದ್ದಷ್ಟು ದಿನ ಅವರ ಅನುಮಾನ ಗಟ್ಟಿಯಾಗುತ್ತದೆ. ಆಗುವುದಾದರೆ ಎದುರಿಗೆ ಹೋಗಿ ಹೇಳಿ, ಮೆಸೇಜಿಗಿಂತ ಮುಖ ನೋಡಿ ಆಡುವ ಮಾತು ಒಳ್ಳೆಯದು. ಆಗದಿದ್ದರೆ ಇವತ್ತು ಶಿಫ್ಟಿಗೆ ಹೋಗುವ ಮೊದಲು ಇಷ್ಟು ಬರೆದು ಕಳಿಸಿ: ‘ಸರ್, ಇನ್ ಮೈ ಅರ್ಲಿಯರ್ ಮೆಸೇಜ್ ಐ ಮೇಡ್ ಎ ಮಿಸ್ಟೇಕ್. ಐ ವಾಂಟೆಡ್ ಟು ಸೇ ದಟ್ ಐ ವಿಲ್ ಸಪೋರ್ಟ್ ಯೂ. ಐ ಆಮ್ ಸಾರಿ ಫಾರ್ ದಿ ಕನ್‌ಫ್ಯೂಷನ್.’ ಮೂರು ವಾಕ್ಯ, ಮೂರರಲ್ಲೂ ‘ಐ’ ಇದೆ.